ನಮ್ಮೂರ ಬಾಯಲ್ಲಿ ಹಾಡು, ಎರಡಕ್ಷರ

ಬೇಲಿಯ ಮೇಲೆ ಹಬ್ಬಿದ ತೊಂಡೆಬಳ್ಳಿಯ ಎಲೆ ಕಿತ್ತು ಅಂಗೈಯಲ್ಲಿ ಹೊಸಕಿದರೆ ಏಳುವ ಹಸಿ ವಾಸನೆ ನಿಮಗೆ ಗೊತ್ತಿದ್ದರೆ ನೀವು ನನ್ನ ಓರಗೆಯವರೇ ಇರಬೇಕು. ಆ ಎಲೆಯಿಂದ ಸ್ಲೇಟು ಉಜ್ಜಿದವರು. ಮೊನ್ನೆ ತರಕಾರಿಯವನು ಕೊಟ್ಟ ತೊಂಡೆಕಾಯಿಯ ನಡುವೆ ಎರಡು ಎಲೆ ಸಿಕ್ಕಿಬಂದವು. ಹೊಸಕಿ ಮೂಸಿದೆ, ಅಷ್ಟೇ. ಮಳವಳ್ಳಿಯ ನಮ್ಮ ಮನೆಯ ಜಗಲಿ, ಅಲ್ಲಿ ಕಾಲು ಚಾಚಿ ಕೂತ ಸಣ್ಣತ್ತೆ, ಅವಳ ತೊಡೆಯ ಮೇಲಿನ ಕಟ್ಟು ಬಿಟ್ಟ ಸ್ಲೇಟು, ಎಲ್ಲವೂ ಎದುರಿಗೆ ಬಂದು ನಿಂತವು. ಅಡುಗೆ ಬಿಟ್ಟು ಸುಮ್ಮನೆ ಕೂತುಬಿಟ್ಟೆ.

ಸಣ್ಣತ್ತೆ ಎಂದರೆ ಅಪ್ಪನ ಕೊನೆಯ ತಂಗಿ. ಅವಳಿಗೆ ಹದಿನಾರು, ನನಗೆ ಒಂಬತ್ತು. ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ಚಿಕ್ಕಪ್ಪ ಮೈಸೂರಿನಲ್ಲಿ ಓದುವಾಗ ಇಂಗ್ಲಿಷ್ ಪೇಪರಿನಲ್ಲಿ ನೋಡಿದ ಚೌಕದಾಟವನ್ನು ಕನ್ನಡಕ್ಕೆ ಬಗ್ಗಿಸಿಕೊಂಡು ನಮಗೆ ಹಿಡಿಸಿದ್ದ. ಯುದ್ಧದ ಕಾಲ, ಕಾಗದಕ್ಕೆ ಬರ. ನಮ್ಮ ಪದಬಂಧವೆಲ್ಲ ಸ್ಲೇಟಿನ ಮೇಲೆ ಹುಟ್ಟಿ ತೊಂಡೆಸೊಪ್ಪಿನಲ್ಲಿ ಅಳಿಯುತ್ತಿತ್ತು. ಕೆಲವೇ ತಿಂಗಳಲ್ಲಿ ಸಣ್ಣತ್ತೆ ಚಿಕ್ಕಪ್ಪನನ್ನೇ ಮೀರಿಸಿದಳು. ನನಗೆ ಕಲಿಸಿದವಳೂ ಅವಳೇ. ಪ್ರತಿ ಸುಳಿವಿಗೂ ಎರಡು ಬಾಗಿಲು, ಒಂದರಿಂದ ಅರ್ಥ ಒಳಗೆ ಬರುತ್ತದೆ, ಇನ್ನೊಂದರಿಂದ ಅಕ್ಷರ, ಎರಡೂ ನಡುಮನೆಯಲ್ಲಿ ಎದುರಾದರೆ ಅದೇ ಉತ್ತರ ಎನ್ನುತ್ತಿದ್ದಳು. ‘ಹಿಂದಕ್ಕೆ ಹರಿದ ನದಿಯಲ್ಲಿ ಹಗಲೂ ಇರುಳೂ ಉಂಟು, ಎರಡಕ್ಷರ’ ಎಂದು ಬರೆದು ನನ್ನ ಮುಖ ನೋಡುವಳು. ನದಿಯನ್ನು ಹಿಂದಿನಿಂದ ಓದಿದರೆ ದಿನ. ಹಗಲೂ ಇರುಳೂ ಸೇರಿದರೆ ದಿನವೇ. ತಿಳಿದ ಕೂಡಲೇ ನಾನು ಜಗಲಿಯಿಂದ ಅಂಗಳಕ್ಕೆ ಹಾರುತ್ತಿದ್ದೆ.

ಆದರೆ ‘ನಮ್ಮೂರ ಬಾಯಲ್ಲಿ ಹಾಡು, ಸೊಪ್ಪು ಮೇಯುತ್ತದೆ, ಎರಡಕ್ಷರ’ ಎಂಬ ಸುಳಿವು ಎರಡು ದಿನ ನನ್ನನ್ನು ಸತಾಯಿಸಿತು. ಉತ್ತರ ಆಡು. ನಮ್ಮೂರಿನವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹಾಡೂ ಆಡೇ, ಮೇಕೆಯೂ ಆಡೇ. ನನಗೆ ಹೊಳೆಯದಿದ್ದುದಕ್ಕೆ ಕಾರಣ ನನ್ನ ದಡ್ಡತನವಲ್ಲ. ಶಾಲೆಯ ಉಕ್ತಲೇಖನದಲ್ಲೂ ಹಾಡನ್ನು ಆಡು ಎಂದೇ ಬರೆದು ಏಟು ತಿನ್ನುತ್ತಿದ್ದವಳಿಗೆ ಅಲ್ಲೊಂದು ಅಕ್ಷರ ಬಿದ್ದುಹೋಗಿದೆ ಎಂದು ಗೊತ್ತಾಗುವುದಾದರೂ ಹೇಗೆ? ಸಣ್ಣತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆ ವರ್ಷವೇ ಅವಳಿಗೆ ಮೈಸೂರಿನಲ್ಲಿ ಮೇಷ್ಟರ ತರಬೇತಿಗೆ ಜಾಗ ಸಿಕ್ಕಿತು. ಸೋಮವಾರದೊಳಗೆ ಹೋಗಿ ಸೇರಬೇಕು. ಅದೇ ವಾರ ಮದ್ದೂರಿನ ಕಡೆಯಿಂದ ಹೆಣ್ಣು ಕೇಳಿಕೊಂಡೂ ಬಂದಿದ್ದರು. ತಾತ ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಎರಡು ಸಲ ಕೇಳಿ ಸೋತ. ತಾತನ ಮಾತಿಲ್ಲದೆ ಹೊಸಿಲು ದಾಟುವವಳಲ್ಲ ಸಣ್ಣತ್ತೆ. ಶನಿವಾರ ಬುತ್ತಿಯ ಜೊತೆ ಪ್ರಶ್ನೆಯನ್ನೂ ಕಟ್ಟಿ ನನ್ನನ್ನು ಗದ್ದೆಗೆ ಕಳಿಸಿದಳು. ತಾತ ಬಗ್ಗಿ ನೀರು ತಿರುಗಿಸುತ್ತಿದ್ದ, ಬಾಯಿ ತುಂಬ ಎಲೆಅಡಿಕೆ. ಸಣ್ಣತ್ತೆ ಹೋಗಬಹುದೇ ಎಂದು ಕೇಳಿದೆ. ತಲೆ ಎತ್ತಲಿಲ್ಲ. ಗುದ್ದಲಿಯಲ್ಲಿ ಒಂದು ಹೆಂಟೆ ಮಣ್ಣು ಎಳೆದು, “ಓದ್ರೆ ಓಗ್ಲಿ ಬುಡು” ಎಂದ.

ಒಪ್ಪಿದ ಎಂದುಕೊಂಡು ಬದುವಿನ ಮೇಲೆ ಓಡಿದವಳು ಅರ್ಧ ದಾರಿಯಲ್ಲಿ ನಿಂತೆ. ‘ಹೋದ್ರೆ ಹೋಗ್ಲಿ ಬಿಡು’ ಎಂದಿದ್ದರೆ, ಆ ಜಾಗ ಕೈತಪ್ಪಿದರೆ ತಪ್ಪಲಿ, ಅದರ ಆಸೆಯನ್ನೇ ಬಿಟ್ಟುಬಿಡು ಎಂದ ಹಾಗೆ. ‘ಓದಿದ್ರೆ’ ಎಂಬುದನ್ನೇ ಎಲೆಅಡಿಕೆಯ ಜೊತೆ ನುಂಗಿ ‘ಓದ್ರೆ’ ಎಂದಿದ್ದರೆ, ಓದುವ ಹಾಗಿದ್ದರೆ ಹೋಗಲಿ ಎಂದ ಹಾಗೆ. ಸಣ್ಣತ್ತೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮಾತನ್ನು ನನ್ನಿಂದ ಮೂರು ಸಲ ಹೇಳಿಸಿದಳು. ಕೊನೆಗೆ ಒಂದೇ ಮಾತು ಕೇಳಿದಳು: “ಅನ್ನುವಾಗ ಅಪ್ಪನ ಮೊಕ ಎಂಗಿತ್ತು, ಮಗ?”

ನಾನು ಮುಖವನ್ನೇ ನೋಡಿರಲಿಲ್ಲ. ನಿಜ ಹೇಳಿದ್ದರೆ ಅವಳು ಉಳಿಯುತ್ತಿದ್ದಳು. ಅವಳಿಲ್ಲದ ಜಗಲಿಯನ್ನು ನೆನೆದರೇ ನನಗೆ ಅಳು ಬರುತ್ತಿತ್ತು. ಆದರೂ, ಯಾಕೋ, “ನಗ್ತಿತ್ತು ಕಣತ್ತೆ” ಎಂದುಬಿಟ್ಟೆ.

ಭಾನುವಾರ ತಾತ ಗದ್ದೆಯಲ್ಲಿದ್ದಾಗಲೇ ಚಿಕ್ಕಪ್ಪ ಅವಳನ್ನು ಪೆಟ್ರೋಲಿನ ಬರದಲ್ಲಿ ಇದ್ದಿಲು ಸುಟ್ಟು ಓಡುತ್ತಿದ್ದ ಮೈಸೂರಿನ ಬಸ್ಸಿಗೆ ಹತ್ತಿಸಿದ. ತರಬೇತಿ ಮುಗಿಸಿ ಸಣ್ಣತ್ತೆ ಹಳ್ಳಿಹಳ್ಳಿಯ ಶಾಲೆಗಳಲ್ಲಿ ಮೇಷ್ಟರಾದಳು. ನೂರಾರು ಮಕ್ಕಳಿಗೆ ಹಕಾರ ತಿದ್ದಿದಳು, ತನ್ನ ಬಾಯಿಯ ಹಕಾರವನ್ನೂ ತಿದ್ದಿಕೊಂಡಳು. ಅವಳೂ ಚಿಕ್ಕಪ್ಪನೂ ಹೋಗಿ ಬಹಳ ಕಾಲವಾಯಿತು. ಜಗಲಿಯ ಜಾಗದಲ್ಲಿ ಈಗ ಯಾರದೋ ಅಂಗಡಿ ಇದೆ. ನನ್ನ ಮೊಮ್ಮಕ್ಕಳು ಹಾಡನ್ನು ಹಾಡು ಎಂದೇ ಎನ್ನುತ್ತಾರೆ, ಬಲು ಅಚ್ಚುಕಟ್ಟಾಗಿ. ಅದನ್ನು ಕೇಳುವಾಗ ನನಗೇಕೆ ಬೇಸರವಾಗಬೇಕೋ ಗೊತ್ತಿಲ್ಲ, ಆಗುತ್ತದೆ. ನಾನು ಆಡಿದ ಸುಳ್ಳನ್ನು ಮಾತ್ರ ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.

ಆ ಭಾನುವಾರ ಹೊತ್ತು ಮುಳುಗುವಾಗ ತಾತ ಮನೆಗೆ ಬಂದ. ಕಾಲು ತೊಳೆದು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದ. ನಾನು ಕಂಬದ ಹಿಂದೆ ನಿಂತಿದ್ದೆ. “ಓದ್ಲಾ?” ಎಂದ. ಹೋದಳೇ ಎಂದು. ತಲೆಯಾಡಿಸಿದೆ. ತಾತ ಹೆಗಲ ಟವೆಲು ಕೊಡವಿ ಜಗಲಿಯ ಮೇಲೆ ಕೂತು, “ಓದ್ಲಿ ಬುಡು” ಎಂದ. ಹೋಗಲಿ ಎನ್ನುವುದಿದ್ದರೆ ಓಗ್ಲಿ ಎನ್ನುತ್ತಿದ್ದ. ಓದಲಿ ಎಂದೇ ಅಂದ. ಅಷ್ಟು ಬಿಡಿಸುವುದನ್ನು ನಾನು ಕಲಿತಿದ್ದೆ. ಗದ್ದೆಯಲ್ಲಿ ಆಡಿದ್ದೂ ಇದೇ ಅರ್ಥವೋ, ಕೈಮೀರಿದ ಮೇಲೆ ಒಪ್ಪಿಕೊಂಡನೋ, ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ತಾತ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡ. ಅವನ ಕೈಯಲ್ಲಿ ಇನ್ನೂ ಗದ್ದೆಯ ಕೆಸರಿನ ತಂಪಿತ್ತು. “ನೀನೂ ಓಯ್ತೀಯಾ ಮಗ?” ಎಂದು ಕೇಳಿದ. ನೀನೂ ಹೋಗುತ್ತೀಯಾ ಎಂದಷ್ಟೇ, ಆ ಮಾತಿಗೆ ಎರಡನೆಯ ಬಾಗಿಲಿರಲಿಲ್ಲ.

“ಇಲ್ಲ ಕಣ್ತಾತ” ಎಂದೆ. ಸಣ್ಣತ್ತೆಗೆ ಹೇಳಿದ್ದನ್ನು ಸುಳ್ಳೆಂದು ತಿಳಿದೇ ಹೇಳಿದ್ದೆ. ಇದೂ ಸುಳ್ಳೆಂದು ನನಗೆ ತಿಳಿದದ್ದು ನಾಲ್ಕು ವರ್ಷದ ಮೇಲೆ, ನಾನೂ ಓದಲು ಹೊರಟು ಮೈಸೂರಿನ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ. ತಾತ ಆ ಸಲ ಬಸ್ಸಿನವರೆಗೂ ಬಂದಿದ್ದ.