ಒಲೆಯ ನಾಲ್ಕು ಚಪ್ಪಲಿ

ಗ್ಯಾಸಿನ ಉರಿಯ ಮೇಲೆ ಬದನೆಕಾಯಿ ಸುಡುವಾಗ, ಸಿಪ್ಪೆ ಕಪ್ಪಾಗಿ ಬಿರಿದು ರಸ ಜಿನುಗುವ ಹೊತ್ತಿಗೆ ಏಳುವ ವಾಸನೆ ನಿಮಗೆ ಹಸಿವನ್ನು ತರಬಹುದು. ನನಗೆ ಅದು ಮಿಶ್ರಿಕೋಟಿಯ ಮನೆಯನ್ನು ತರುತ್ತದೆ: ಗೋಡೆಗೆ ಆನಿಸಿಟ್ಟ ಹಳೆಯ ಸೈಕಲ್ ರಿಮ್ಮುಗಳು, ಕಾಯ್ದ ಕಬ್ಬಿಣದ ಒಗರು, ಕಟ್ಟೆಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತ ಆಯಿ, ನನ್ನ ಅಪ್ಪನ ತಾಯಿ. ಆ ಮನೆ ಈಗಿಲ್ಲ. ಅದಿದ್ದಲ್ಲಿ ಗೊಬ್ಬರದ ಗೋದಾಮಿದೆ. ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ, ಅದರ ಬಾಗಿಲು ಹೀಗೆ ಯಾವುದೋ ವಾಸನೆಗೆ ತಾನಾಗಿ ತೆರೆದುಕೊಳ್ಳುವುದು ನಿಮಗೆ ಗೊತ್ತಿರುತ್ತದೆ.

ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ನಾವು ಹನ್ನೊಂದು ಜನ ಟೆಂಪೋ ಮಾಡಿಕೊಂಡು ಯಮನೂರಿನ ದರ್ಗಾಕ್ಕೆ ಹೋಗುತ್ತಿದ್ದೆವು. ಪ್ರಾರ್ಥನೆ ಹೇಳಿಸಿ ಸಕ್ಕರೆ ಓದಿಸಿ, ಹಳ್ಳದ ದಂಡೆಯಲ್ಲಿ ಅಡುಗೆ ಮಾಡಿ ಉಂಡು ಬರುವುದು ಆಯಿಯ ತವರಿನ ರೂಢಿ. ಆ ಕಡೆಯೆಲ್ಲ ಎರೆ ನೆಲ, ಕಪ್ಪು ಮಣ್ಣು. ಒಲೆ ಹೂಡಲು ಮೂರು ಕಲ್ಲು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ನಮ್ಮೂರಿನಿಂದಲೇ ಕಲ್ಲುಗಳನ್ನು ಚೀಲದಲ್ಲಿ ಒಯ್ಯುತ್ತಿದ್ದೆವು. "ಈ ವರ್ಷನೂ ಕಲ್ಲು ಹೊತಗೊಂಡ ಹೊಂಟ್ರೇನ್ರಿ?" ಎಂದು ಓಣಿಯವರು ನಗುತ್ತಿದ್ದರು. ನಾನು ಐದನೆಯ ತರಗತಿಯಲ್ಲಿದ್ದ ವರ್ಷ, ಸೈಕಲ್ ಅಂಗಡಿ ಇಟ್ಟಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಈ ಕಲ್ಲಿನ ಗೊಡವೆಯೇ ಬೇಡವೆಂದು ಕಬ್ಬಿಣದ ಒಲೆ ಮಾಡಲು ಕೂತ.

ಅದರಲ್ಲಿ ಹೊಸ ಸಾಮಾನು ಒಂದೂ ಇರಲಿಲ್ಲ. ಸೊಟ್ಟಗಾಗಿದ್ದ ರಿಮ್ಮೊಂದನ್ನು ಬಡಿದು ಸರಿಮಾಡಿ, ಅದರ ಮೇಲೆ ಬಿದ್ದುಹೋದ ಕಿಟಕಿಯ ಒಂಬತ್ತು ಸರಳುಗಳನ್ನು ಅಡ್ಡಡ್ಡ ಬೆಸೆದ. ಕೆಂಡ ತುಂಬಲು ಎಣ್ಣೆ ಡಬ್ಬಿಯ ತಳ ಕತ್ತರಿಸಿ ಕೆಳಗೆ ತೂಗುಬಿಟ್ಟ. ಮುರಿದ ಮಂಚದಿಂದ ನಾಲ್ಕು ಕಾಲು ಬಂದವು; ನೆಲದಲ್ಲಿ ನಾಟಲೆಂದು ತುದಿಗಳನ್ನು ಚೂಪು ಮಾಡಿದ. ನಟ್ಟು ಬಿಚ್ಚಿದರೆ ಇಡೀ ಒಲೆ ಒಂದು ಗೋಣಿಚೀಲದೊಳಗೆ ಹೋಗುತ್ತಿತ್ತು. ಬಣ್ಣ, ತುಕ್ಕು ಹೋಗಲೆಂದು ಎರಡು ಸಲ ಬರಿದೇ ಬೆಂಕಿ ಹಾಕಿ ಸುಟ್ಟ. ಅಂಗಳದ ಗಟ್ಟಿ ಗರಸು ಮಣ್ಣಿನಲ್ಲಿ ನಾಟಿ ಮೇಲೆ ರುಬ್ಬುಗುಂಡು ಇಟ್ಟಾಗ ಅದು ಅಲ್ಲಾಡಲಿಲ್ಲ. ಆಯಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

"ಇದು ನಿಮ್ಮ ಗರಸ ನೆಲಾ. ನಮ್ಮ ಎರಿ ಮ್ಯಾಲ ಬಿರುಸ ಇರತೈತಿ, ಒಳಗ ಹಸಿ. ಕಾಲು ಇಳೀತಾವ ನೋಡಲೇ. ಇದಕ್ಕ ಚಪ್ಪಲಿ ಹಾಕು."

"ನಿನಗ ಚಪ್ಪಲಿ ಕೊಡಸ್ತೇನಂದ್ರ ಒಲ್ಲೆ ಅಂತಿ, ಒಲಿಗೆ ಕೊಡಸು ಅಂತಿ," ಎಂದು ಕಾಕಾ ನಕ್ಕ. ಆದರೂ ಟ್ರ್ಯಾಕ್ಟರಿನ ಹಳೆಯ ಮಡ್‌ಗಾರ್ಡಿನಿಂದ ಅಂಗೈ ಅಗಲದ ನಾಲ್ಕು ಚೌಕ ಕತ್ತರಿಸಿ, ಕಾಲಿನ ತುದಿ ಕೂರಲು ಒಂದೊಂದರ ಮೇಲೂ ಪೈಪಿನ ತುಂಡು ಬೆಸೆದ.

ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಕೋಳಿ ಇಟ್ಟ ಮೊಟ್ಟೆ, ಬಂದ ನೆಂಟರು, ಎಲ್ಲದಕ್ಕೂ ಎಣಿಕೆ. ಕಾಕಾ ನನ್ನನ್ನು 'ತಲಾಟಿ' ಎನ್ನುತ್ತಿದ್ದ, ಊರಿನ ದಫ್ತರ ಇಟ್ಟುಕೊಳ್ಳುವವನ ಹೆಸರಿನಿಂದ. ಯಮನೂರಿಗೆ ಒಯ್ಯುವ ಸಾಮಾನಿನ ಪಟ್ಟಿ ನನ್ನದು, ಇಪ್ಪತ್ತೆರಡು ಸಾಲು. ಕೊನೆಯದು 'ಚಪ್ಪಲಿ, ನಾಲ್ಕು'. ಹಿಂದಿನ ಸಂಜೆ ಆ ತಗಡುಗಳನ್ನು ಚೀಲದಿಂದ ತೆಗೆದು, ಒಂದನ್ನು ದಿನಚರಿ ಪುಸ್ತಕದ ಹಾಳೆಯ ಮೇಲಿಟ್ಟು ನೀಲಿ ಸ್ಕೆಚ್ ಪೆನ್ನಿನಿಂದ ಸುತ್ತ ಗೆರೆ ಎಳೆದುಕೊಂಡೆ. ಆಮೇಲೆ ನಾಲ್ಕನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತೆ. ಬೆಳಿಗ್ಗೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಕಾಕಾ ಒಂದೊಂದೇ ಹೆಸರು ಕೂಗುತ್ತಿದ್ದ. "ಚಪ್ಪಲಿ?" "ಅದಾವು," ಎಂದೆ. ನೋಡದೆ ಟಿಕ್ ಹಾಕಿದೆ.

ಹಳ್ಳದ ದಂಡೆಯಲ್ಲಿ ಕಾಕಾ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. "ಏ ತಲಾಟಿ, ಚಪ್ಪಲಿ ಎಲ್ಲಿ ಅದಾವ ಬೇ?"

ನಾನು ಪುಸ್ತಕ ತೆರೆದೆ. "ಟಿಕ್ ಐತಿ ಕಾಕಾ."

"ಹಂಗಾರ ಏರಸೂವಾಗ ನಾನ ಎಲ್ಲೋ ಬೀಳಿಸೇನಿ."

ತನ್ನ ಕಣ್ಣಿಗಿಂತ ನನ್ನ ಟಿಕ್ಕನ್ನು ಅವನು ಹೆಚ್ಚು ನಂಬಿದ. ಕಿಟಕಿಯ ಕಟ್ಟೆ ನನಗೆ ಆ ಕ್ಷಣವೇ ನೆನಪಾಯಿತು. ಹೇಳಬಹುದಿತ್ತು. ಎಲ್ಲರೂ ಹಸಿದಿದ್ದರು, ಹೇಳಿದ್ದರೆ ತಲಾಟಿಯ ಲೆಕ್ಕ ತಪ್ಪಿತೆಂದು ನಗುತ್ತಿದ್ದರು, ನಾನು ಹೇಳಲಿಲ್ಲ. ಕಾಕಾ ಹಿಮ್ಮಡಿಯಿಂದ ನೆಲ ಒದ್ದು ನೋಡಿದ. ಬಿರುಸಾಗಿತ್ತು. "ನಡೀತೈತಿ," ಎಂದು ಒಲೆ ನಾಟಿದ. ಹನ್ನೊಂದು ಜನರ ಬೇಳೆಯ ಬೋಗುಣಿ ಏರಿತು. ಉಳಿದ ಜಾಗದಲ್ಲಿ ಬದನೆಕಾಯಿ ಇಟ್ಟು, ಆಯಿ ಪಕ್ಕದಲ್ಲೇ ಕಾಲು ಚಾಚಿ ಕೂತು ಒಂದೊಂದಾಗಿ ತಿರುವತೊಡಗಿದಳು. ನಾನು ಒಲೆಯ ಕಾಲುಗಳನ್ನೇ ನೋಡುತ್ತಿದ್ದೆ. ಆಯಿಯ ಕಡೆಯದು ಇಳಿಯುತ್ತಿತ್ತು. ಒಂದು ಬೆರಳು. ಎರಡು ಬೆರಳು. ಬಾಯಿ ತೆರೆಯುವಷ್ಟರಲ್ಲಿ ಬೋಗುಣಿ ಜಾರಿ ಆಯಿಯ ಬಲಗಾಲಿನ ಮೇಲೆ ಮಗುಚಿತು.

ಆಯಿ ಚೀರಲಿಲ್ಲ. "ಅಯ್ಯ, ಬ್ಯಾಳಿ ಹೋತಲ್ಲೋ," ಎಂದಳು.

ಆಯಿಗೆ ಸಕ್ಕರೆ ಕಾಯಿಲೆಯಿತ್ತು. ಗಾಯ ಮಾಯಲಿಲ್ಲ. ಮೊದಲು ಮನೆಯಲ್ಲಿ, ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ನಾನು ದಿನ ಎಣಿಸುತ್ತ ಹೋದೆ. ಎಣಿಕೆ ನಲವತ್ತೊಂದಕ್ಕೆ ನಿಂತಿತು. ಸಾವಿನ ಮನೆಗೆ ಮಾತನಾಡಿಸಲು ಬಂದವರಿಗೆಲ್ಲ, ಅವರು ಕೇಳುವ ಮೊದಲೇ ಕಾಕಾ ಹೇಳುತ್ತಿದ್ದ, "ನಾನ ಚಪ್ಪಲಿ ಕಳದೆನ್ರಿ. ಅವ್ವ ಹೇಳಿದ್ಲು." ಅಪ್ಪ ಅವನೊಡನೆ ಮಾತು ಬಿಟ್ಟ. ಅಂಗಡಿ ಮುಚ್ಚಿತು, ಮನೆ ಎರಡು ಪಾಲಾಯಿತು, ಕಾಕಾ ಗುಡಗೇರಿಯ ಗ್ಯಾರೇಜೊಂದಕ್ಕೆ ಕೆಲಸಕ್ಕೆ ಹೋದ. ಯಮನೂರಿನಿಂದ ಬಂದ ಮೂರನೆಯ ದಿನ ನಾನು ಕಿಟಕಿಯ ಕಟ್ಟೆ ನೋಡಿದ್ದೆ. ಅದು ಬರಿದಾಗಿತ್ತು. ಯಾರೋ ಗುಜರಿಗೆ ಎಸೆದಿರಬೇಕೆಂದುಕೊಂಡೆ. ಸಮಾಧಾನವೂ ಆಗಿತ್ತು; ಅದನ್ನೂ ಇಲ್ಲಿ ಬರೆಯಬೇಕು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡ. ಅವನ ಹೆಂಡತಿ, ನಮ್ಮ ಕಾಕು, ಅವನ ಪಾನೆ, ಇಕ್ಕಳಗಳ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ನೀನ ನೋಡವಾ, ಏನೇನೈತಿ ಬರಕೋ," ಎಂದಳು. ತಳದಲ್ಲಿ ಆಯಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದಿತ್ತು. ಒಳಗೆ ನಾಲ್ಕು ಚೌಕ ತಗಡು, ಒಂದರ ಅಂಚಿಗೆ ನೀಲಿ ಗೆರೆ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದು, ಆ ತಗಡನ್ನು ಗೆರೆಯ ಮೇಲಿಟ್ಟೆ. ಸರಿಯಾಗಿ ಕೂತಿತು. ಆಮೇಲೆ ಈಗಿನ ದಿನಚರಿಯ ಅಂದಿನ ಪುಟದಲ್ಲಿ ಬರೆದೆ: ಚಪ್ಪಲಿ, ನಾಲ್ಕು. ಈ ಸಲ ಒಂದೊಂದನ್ನೂ ಮುಟ್ಟಿ ಎಣಿಸಿದೆ.