ಅತ್ತಿಯ ಕ್ಯಾಸೆಟ್ಟಿನ ನಾಲಾ

ಅತ್ತಿಯ ಸಿನಿಮಾಗಳನ್ನು ನಾನು ನೋಡಿಲ್ಲ. ಅವಳೂ ನೋಡಿರಲಿಲ್ಲ. ಆದರೂ ಅವುಗಳಲ್ಲಿ ಯಾರು ಎಲ್ಲಿ ನಿಂತು ಹಾಡಿದರು, ಸೀರೆ ಯಾವ ಬಣ್ಣದ್ದು, ಕಿಟಕಿಯ ಆಚೆ ಏನಿತ್ತು ಎಂದು ಈಗಲೂ ಹೇಳಬಲ್ಲೆ. ಇದನ್ನು ನೆನಪು ಎನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ.

ಅತ್ತಿ ನನ್ನ ಅಪ್ಪನ ತಂಗಿ. ಅವಳು ಹುಡುಗಿಯಾಗಿದ್ದಾಗ ಸುರಪುರದ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕುತ್ತಿದ್ದರಂತೆ. ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗುವುದು ಅಜ್ಜನಿಗೆ ಸೇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಕುಳಿತು ಕೇಳುವುದನ್ನು ಮಾತ್ರ ಅವನು ಬೇಡ ಅನ್ನಲಿಲ್ಲ. ಸಂಜೆ ಮೊದಲ ಆಟ ಶುರುವಾಗುತ್ತಲೇ ಅತ್ತಿ ಮೇಲೆ ಹತ್ತಿ, ಡೇರೆಗೆ ಬೆನ್ನು ಮಾಡಿ ಕೂಡುತ್ತಿದ್ದಳು. ತೇಪೆ ಹಾಕಿದ ಆ ಡೇರೆ ಕಣ್ಣಿಗೆ ಬಿದ್ದರೆ ಒಳಗಿನ ಅರಮನೆ ಕೆಡುತ್ತದೆ ಎಂದು ಅವಳ ಲೆಕ್ಕ. ಹಾಡು ಬಂದರೆ ಅದಕ್ಕೆ ಬೇಕಾದ ಚಿತ್ರವನ್ನು ತಾನೇ ಮಾಡಿಕೊಳ್ಳುತ್ತಿದ್ದಳು.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅಪ್ಪ ಭೀಮರಾಯನಗುಡಿ ಕ್ಯಾಂಪಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅತ್ತಿ ಅಲ್ಲಿನ ಶಾಲೆಯಲ್ಲಿ ಟೀಚರ್. ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದಳು. ಕಾಲುವೆಗೆ ನಮ್ಮ ಮನೆಯಲ್ಲಿ ಎಲ್ಲರೂ ನಾಲಾ ಎನ್ನುತ್ತಿದ್ದೆವು. ಕ್ಯಾಂಪಿನ ಆಚೆ ಅದನ್ನು ತೋಡಿಟ್ಟು ಬಹಳ ದಿನವಾಗಿತ್ತು, ನೀರು ಬಂದಿರಲಿಲ್ಲ. ಬಿಸಿಲು ಇಳಿದ ಮೇಲೆ ಅತ್ತಿ ನನ್ನನ್ನು ಅದರ ದಂಡೆಗೆ ಕರೆದುಕೊಂಡು ಹೋಗಿ, ಒಂದು ಹಾಡು ಹೇಳಿ, ಆ ಹಾಡಿನ ಸಿನಿಮಾ ಹೇಳುತ್ತಿದ್ದಳು.

ಅವುಗಳಲ್ಲಿ ಒಂದು ಹಾಡಿನ ಪಲ್ಲವಿ ಉದ್ದನೆಯ ಒಂದು ಕರೆಯಲ್ಲಿ ಮುಗಿಯುತ್ತದೆ. ಅತ್ತಿ ಅದನ್ನು ‘ನಾಲಾ’ ಎಂದು ಹಾಡುತ್ತಿದ್ದಳು. ಅವಳ ಸಿನಿಮಾದಲ್ಲಿ ಬಿಳಿ ಸೀರೆಯ ಹುಡುಗಿಯೊಬ್ಬಳು ಒಣಗಿದ ನಾಲಾದ ನಡುವೆ ನಿಂತು ಅದನ್ನೇ ಕರೆಯುತ್ತಾಳೆ. ದೂರದಲ್ಲಿ ಏನೋ ಹೊಳೆಯುತ್ತದೆ. ಕರಿ ಮಣ್ಣಿನ ಬಿರುಕುಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ನೀರು ಅವಸರವಿಲ್ಲದೆ ಬಂದು ಅವಳ ಹಿಮ್ಮಡಿ ಮುಟ್ಟುತ್ತದೆ, ಸೀರೆಯ ಅಂಚು ತೇಲುತ್ತದೆ, ಬೋನಾಳ ಕೆರೆಯ ಹಕ್ಕಿಗಳೆಲ್ಲ ಎದ್ದು ಅವಳ ತಲೆಯ ಮೇಲೆ ಸುತ್ತುತ್ತವೆ. ಆ ಸಿನಿಮಾ ಬಂದ ಕಾಲಕ್ಕೆ ನಮ್ಮ ಕಡೆ ಇಂಥ ನಾಲಾ ಎಲ್ಲಿತ್ತು ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ದಂಡೆಯ ಮೇಲೆ ಕುಳಿತು, ಕಾಲು ಮೇಲೆ ಎಳೆದುಕೊಂಡು, ಬರುತ್ತಿದ್ದ ನೀರನ್ನು ನೋಡುತ್ತಿದ್ದೆ.

ಒಂದು ರಾಜ್ಯೋತ್ಸವಕ್ಕೆ ಕ್ಯಾಂಪಿನ ಕ್ಲಬ್ಬಿನಲ್ಲಿ ಅತ್ತಿ ಇದೇ ಹಾಡು ಹಾಡಿದಳು. ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ, ದಕ್ಷಿಣದ ಕಡೆಯ ಎಂಜಿನಿಯರೊಬ್ಬರು ಎದ್ದು ನಿಂತರು.

“ಟೀಚರಮ್ಮಾ, ನೀವು ಎಷ್ಟು ಕರೆದ್ರೂ ನಾಲೆಗೆ ನೀರು ಬಿಡೋದು ನನ್ನ ಕೈಲಿಲ್ಲ. ಮೇಲಿಂದ ಆರ್ಡರ್ ಬರಬೇಕು.”

ಸಭೆಯೆಲ್ಲ ನಕ್ಕಿತು. ಅತ್ತಿಯೂ ನಕ್ಕಳು. ತನ್ನ ಹಾಡನ್ನು ಮೆಚ್ಚಿ ಚೇಷ್ಟೆ ಮಾಡಿದರು ಎಂದುಕೊಂಡಿದ್ದಳು. ಮಾರನೆಯ ದಿನ ಪಕ್ಕದ ಕ್ವಾರ್ಟರ್ಸಿನ ಮೈಸೂರು ಕಡೆಯ ಹೆಣ್ಣುಮಗಳು ಒಳ್ಳೆಯ ಮನಸ್ಸಿನಿಂದಲೇ ತಿಳಿಸಿ ಹೇಳಿದಳು. ಅದು ನಾಲಾ ಅಲ್ಲ, ನಲ್ಲಾ. ನಲ್ಲ ಎಂದರೆ ಪ್ರಿಯಕರ. ಸಿನಿಮಾದಲ್ಲಿ ನಾಯಕಿ ಮನೆಯೊಳಗೆ ಕನ್ನಡಿಯ ಮುಂದೆ ಕುಳಿತು ಅವನ ದಾರಿ ಕಾಯುತ್ತಾಳೆ. ನಮ್ಮ ಮಾತಿನಲ್ಲಿ ಆ ಪದವೇ ಇರಲಿಲ್ಲ. ಗಂಡನನ್ನು ಕರೆಯಲು ‘ರೀ’ ಸಾಕಾಗುವ ಊರಿನಲ್ಲಿ ಮಾಳಿಗೆಯ ಮೇಲೆ ಕುಳಿತ ಹುಡುಗಿ, ಗಾಳಿಗೆ ಹರಿದು ಬಂದ ಆ ಕರೆಯನ್ನು ತನಗೆ ಗೊತ್ತಿದ್ದ ಪದಕ್ಕೆ ಕೂಡಿಸಿಕೊಂಡಿದ್ದಳು.

ಅದಾದ ಮೇಲೆ ಕೆಲವು ದಿನ ನಾವು ದಂಡೆಗೆ ಹೋಗಲಿಲ್ಲ.

ಅದೇ ಹೊತ್ತಿಗೆ ಯಾದಗಿರಿ ಸ್ಟೇಷನ್ ಹತ್ತಿರದ ಕ್ಯಾಸೆಟ್ ಅಂಗಡಿಯವನು, ಹಳೆಯ ಸಿನಿಮಾ ಹಾಡುಗಳನ್ನು ಅವಳ ದನಿಯಲ್ಲಿ ತುಂಬಿ ಒಂದು ಕ್ಯಾಸೆಟ್ ಮಾಡಲು ಒಪ್ಪಿದ. ಅದು ಅವಳ ಬಹಳ ದಿನದ ಆಸೆ. ಆ ಒಂದು ಹಾಡು ಬಿಟ್ಟುಬಿಡು ಎಂದು ಅಪ್ಪ ಹೇಳಿದ್ದಕ್ಕೆ, ಅದನ್ನು ಬಿಟ್ಟರೆ ಕ್ಯಾಸೆಟ್ಟೇ ಬೇಡ ಎಂದಳು. ನಲ್ಲಾ ಎಂದು ಹಾಡಿದರೆ ಅವಳ ನೀರು, ಹಕ್ಕಿ, ಬಿಳಿ ಸೀರೆ ಎಲ್ಲ ಹೋಗಬೇಕು. ನಾಲಾ ಎಂದರೆ ಕ್ಲಬ್ಬಿನ ನಗು ಜಿಲ್ಲೆಯೆಲ್ಲ ಕೇಳುತ್ತದೆ. ಶಹಾಪುರದಿಂದ ನಾವು ಮೂವರೂ ಬಸ್ಸಿನಲ್ಲಿ ಯಾದಗಿರಿಗೆ ಹೋಗುವಾಗ ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಭೀಮಾ ಸೇತುವೆ ಬಂದರೂ ತುಟಿ ಅಲುಗುವುದು ನಿಂತಿರಲಿಲ್ಲ. ಎರಡು ಪದಗಳಲ್ಲಿ ಯಾವುದನ್ನು ಅನ್ನುತ್ತಿದ್ದಾಳೆ ಎಂದು ತುಟಿ ನೋಡಿ ತಿಳಿಯಲು ನಾನು ಯತ್ನಿಸಿದೆ, ತಿಳಿಯಲಿಲ್ಲ.

ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹೊರಗಿನ ಸದ್ದು ತಡೆಯಲು ಹಳೆಯ ಬಟ್ಟೆಯ ಕೌದಿ ಹೊಡೆದಿದ್ದರು. ರೈಲು ಬಂದಾಗಲೆಲ್ಲ ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಡಬೇಕಾಗುತ್ತಿತ್ತು. ಆ ಹಾಡಿನ ಸರದಿ ಬಂದಾಗ ಅಂಗಡಿಯವನು ಬಾಗಿಲಿಗೆ ಬಂದು ನಿಂತ.

“ಅಕ್ಕಾರ, ಆ ಮಾತು ಬರೋಬರಿ ಹಾಡ್ರಿ. ತಪ್ಪು ಇದ್ರ ಮಾಲು ನನ್ನ ಅಂಗಡ್ಯಾಗ ಕುಂದರ್ತದ.”

ಅತ್ತಿ ತಲೆ ಆಡಿಸಿದಳು. ಅವನು ಒಳಗೆ ಹೋದ, ಬಾಗಿಲು ಮುಚ್ಚಿತು. ಅಪ್ಪನ ಜೊತೆ ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಕೌದಿಗಳನ್ನು ದಾಟಿ ಅವಳ ದನಿ ಬಂತು, ಪಲ್ಲವಿ ಏರಿತು, ಕೊನೆಗೆ ಆ ಕರೆ ಬಂತು. ನಾಲಾ ಎಂದೇ ಹಾಡಿದಳು.

ಹಾಗೆಂದು ನನ್ನ ನೆನಪು. ಕಲಬುರಗಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ಅತ್ತಿಯ ದನಿ ಇನ್ನಷ್ಟು ಎತ್ತರಕ್ಕೆ ಹೋಗುತ್ತಿತ್ತು, ಅಂಗಡಿಯವನ ಮುಖ ಇನ್ನಷ್ಟು ಪೆಚ್ಚಾಗುತ್ತಿತ್ತು. ಅವಳು ಹಾಡುವಾಗ ಅವನ ಮುಖ ನಾನು ನೋಡಿರಲೇ ಇಲ್ಲ, ಬಾಗಿಲು ಮುಚ್ಚಿತ್ತಲ್ಲ ಎಂದು ಹೊಳೆದದ್ದು ಬಹಳ ತಡವಾಗಿ. ಡೈರಿ ಬರೆಯುವ ಚಟ ಆಮೇಲಿನದು. ಆ ದಿನಕ್ಕೆ ನನ್ನ ಹತ್ತಿರ ಬೇರೆ ಸಾಕ್ಷಿ ಇಲ್ಲ.

ಈಗ ಅತ್ತಿ ಸುರಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ವರ್ಷ ಅಲ್ಲಿಗೆ ಹೋದಾಗ ಮಗಳು ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಮಾಡಿಸಿ ಇಟ್ಟಿದ್ದಳು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅಂಗಡಿಯವನು ಗುಲಾಬಿಯ ಚಿತ್ರ ಹಾಕುತ್ತೇನೆಂದಿದ್ದನಂತೆ, ಅತ್ತಿ ಹಟ ಹಿಡಿದು ತನ್ನ ಫೋಟೊ ಹಾಕಿಸಿದ್ದಳು. ನಾಲಾದ ದಂಡೆಯ ಮೇಲೆ ನಿಂತಿದ್ದಾಳೆ, ಬಿಳಿ ಸೀರೆಯಲ್ಲಿ. ಹಿಂದೆ ನೀರಿಲ್ಲ.

ಮಗಳು ಕ್ಯಾಸೆಟ್ ಹಾಕಿದಳು, ಆ ಹಾಡು ಬಂತು. ಪಲ್ಲವಿಯ ಕೊನೆಗೆ ಸ್ಪಷ್ಟವಾಗಿ, ಒತ್ತಕ್ಷರ ಒಂದಿಷ್ಟೂ ಸಡಿಲವಾಗದಂತೆ, ನಲ್ಲಾ. ಮತ್ತೆ ಬಂದಾಗಲೂ ನಲ್ಲಾ. ಕೊನೆಯವರೆಗೂ ಅದೇ. ಕೈಯಲ್ಲಿದ್ದ ಆ ಫೋಟೊ ನೋಡಿದೆ. ಅತ್ತಿ ಕೇಳಿದ್ದಕ್ಕೆ ಚಿತ್ರ ಕಟ್ಟಿಕೊಂಡಿದ್ದಳು. ನಾನು ಚಿತ್ರ ನೋಡಿ ಕೇಳಿದ್ದನ್ನು ಕಟ್ಟಿಕೊಂಡಿದ್ದೆನೇನೋ.

“ನಾಲಾ ಅಂತ ಹಾಡಿದ್ದಿ ಅತ್ತಿ. ನಾ ಅಲ್ಲೇ ಇದ್ದೆ,” ಎಂದೆ.

“ಇದ್ದಿ. ಮಿರ್ಚಿ ಭಜಿ ತಿನಕೋತ ಕುಂತಿದ್ದಿ.”

ಮಂದಿ ನಗುತ್ತಾರೆ ಅಂತ ಅಂಜಿ ಬದಲು ಮಾಡಿದಿಯಾ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವಳು ಟೇಪ್ ಬಂದ್ ಮಾಡಿದಳು.

“ನಗೂದಕ್ಕ ಅಲ್ಲವ್ವಾ. ಕ್ಯಾಸೆಟ್ ಅಂದ್ರ ಚಾದಂಗಡ್ಯಾಗ ಹಾಕ್ತಾರ, ಲಾರ್ಯಾಗ ಹಾಕ್ತಾರ. ಅವರದು ಅವರಿಗಿ ಕೊಟ್ಟೆ. ನಂದು ಯಾಕ ಕೊಡ್ಲಿ? ನನ್ನ ಹಂತ್ಯಾಕ ಇಟಗೊಂಡೆ.”

ಈಗ ನಮ್ಮ ಕಡೆ ನಾಲಾದಲ್ಲಿ ನೀರಿದೆ, ಎರಡೂ ಬದಿಗೆ ಭತ್ತ ನಿಂತಿದೆ. ಅವಳ ಸಿನಿಮಾ ಇನ್ನೂ ಇದೆಯೇ ಎಂದು ಕೇಳಿದೆ. ಅವಳು ನನ್ನ ಕೈ ನೋಡಿದಳು. ರೆಕಾರ್ಡ್ ಮಾಡಲು ನಾನು ಆಗಲೇ ಮೊಬೈಲ್ ತೆಗೆದಿದ್ದೆ.

“ಅದನ್ನ ಒಳಗ ಇಡು.”

ಚೀಲಕ್ಕೆ ಹಾಕಿದೆ. ಆಮೇಲೆ ಅವಳು ಕಿಟಕಿಗೆ ಬೆನ್ನು ಮಾಡಿ ಕುಳಿತು ಹಾಡಿದಳು. ದನಿ ಮೊದಲಿನದಲ್ಲ, ಪಲ್ಲವಿ ಏರುವಲ್ಲಿ ಒಡೆಯಿತು. ಕೊನೆಗೆ ನಾಲಾ ಎಂದಳು. ಆಗ ದಂಡೆಯ ಮೇಲೆ ಎಳೆದುಕೊಂಡಂತೆ ನನ್ನ ಕಾಲು ತಾನೇ ಮೇಲಕ್ಕೆ ಬಂತು.

ಇದನ್ನೂ ನೆನಪಿನಿಂದಲೇ ಬರೆಯುತ್ತಿದ್ದೇನೆ.