ನೀರು ಹಾಕುತ್ತಿದ್ದ ಮೇಷ್ಟ್ರು

ದೇವನಹಳ್ಳಿಯ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಪರಿಸರ ದಿನದ ಫೋಟೋದಲ್ಲಿ ಎಂದೂ ಇರುತ್ತಿರಲಿಲ್ಲ. ಅತಿಥಿಗಳು ಸಸಿ ನೆಟ್ಟು ಹೋದ ಮೇಲೆ, ಪ್ಯಾಂಟು ಮಡಚಿಕೊಂಡು ಬಿಂದಿಗೆ ಹಿಡಿದು ಬರುತ್ತಿದ್ದರು. "ನೆಡೋದು ಒಂದು ದಿನದ ಕೆಲ್ಸ ಕಣ್ರೋ, ನೀರು ಹಾಕೋದು ವರ್ಷದ್ದು," ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲೂ ಬಂದು ನೀರು ಹಾಕಿ, ಕಾಂಪೌಂಡಿನುದ್ದಕ್ಕೂ ಹೊಂಗೆ ಸಾಲು ಬೆಳೆಸಿದ್ದರು.

ವಿಮಾನ ನಿಲ್ದಾಣಕ್ಕೆಂದು ರಸ್ತೆ ಅಗಲ ಮಾಡಿದಾಗ ಆ ಸಾಲು ಒಂದೇ ಬೆಳಿಗ್ಗೆ ಹೋಯಿತು. ಕೊನೆಯ ಮರ ಉರುಳುವವರೆಗೂ ಮೇಷ್ಟ್ರು ಗೇಟಿನ ಬಳಿ ನಿಂತೇ ಇದ್ದರು.

ಮುಂದಿನ ಪರಿಸರ ದಿನ ಪ್ರಿನ್ಸಿಪಾಲರು, "ಈ ಸಲ ನೀವೇ ನೆಡಿ ಸಾರ್," ಎಂದು ಅವರ ಕೈಗೆ ಸಸಿ ಕೊಟ್ಟರು.

ಮೇಷ್ಟ್ರು ಅಂಗಳವನ್ನೆಲ್ಲ ಒಮ್ಮೆ ನೋಡಿದರು. "ಎಲ್ಲಿ ನೆಟ್ರೆ ಉಳೀತದೆ, ನೀವೇ ಹೇಳಿ ಸಾರ್."

ಮೇಷ್ಟ್ರು ಸಸಿಯನ್ನು ಮೇಜಿನ ಮೇಲಿಟ್ಟು ನಮ್ಮ ತರಗತಿಗೆ ಬಂದು ಕೂತರು. ಅಂದು ಪಾಠ ಮಾಡಲಿಲ್ಲ.